ಮನೆದೆರೆಯೂ ಊರಿನ ನೆಲೆಯೂ

ಹೊಯ್ಸಳ ವಿಷ್ಣುವರ್ಧನನ ಆಳಿಕೆಯಲ್ಲಿ, ಕ್ರಿ.ಶ. 1114ರ ಸುಮಾರಿಗೆ, ವರ್ತಕನಾದ ಕುಲ್ಲಹಣ ರಾಹುತನೂ ಆತನ ಪತ್ನಿ ಸಹಜಾದೇವಿಯೂ ಹಾಸನ ಸೀಮೆಯ ದೊಡ್ಡಗದ್ದವಳ್ಳಿಯಲ್ಲಿ ಮಹಾಲಕ್ಷ್ಮೀ ದೇವಾಲಯವನ್ನು ಕಟ್ಟಿಸಿದರು. ಆ ಊರಿಗೆ ಅಭಿನವ ಕೊಲ್ಲಾಪುರವೆಂಬ ಹೆಸರಾಯಿತು. ಗುಡಿಯೊಂದಿಗೆ ಊರೂ ನಿಲ್ಲಬೇಕಾದರೆ ಜನರು ನೆಲಸಬೇಕಷ್ಟೆ. ಇದಕ್ಕೆ ಅಂದಿನ ಅರಸರು ಬಳಸಿದ ಉಪಾಯಗಳೆರಡು: ನಿವೇಶನಗಳನ್ನು ಕೊಡುವುದು, ಮನೆದೆರೆ ಮೊದಲಾದುವನ್ನು ಬಿಡುವುದು. ಇವು ಕನ್ನಡ ನಾಡಿನ ಶಾಸನಗಳಲ್ಲಿ ಹಲವೆಡೆ ಕಾಣುತ್ತವೆ. ಆದರೆ ಸರ್ವಮಾನ್ಯವು ಪ್ರತಿಗ್ರಹಿಗೆ ಸಂದ ಹಕ್ಕು. ಅರಸನು ಬಿಟ್ಟ ತೆರೆಯು ಸಾಮಾನ್ಯವಾಗಿ ಮಾನ್ಯದಾರನ ಪಾಲಾಗುತ್ತಿತ್ತೇ ಹೊರತು ಒಕ್ಕಲಿನ ಭಾರವು ಅಷ್ಟರಿಂದಲೇ ಇಳಿಯುತ್ತಿರಲಿಲ್ಲ. 1903ರಲ್ಲಿ ಸ್ಥಾಪಿತವಾದ ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಬಡಾವಣೆಗಳನ್ನು ರಚಿಸಿ ನಿವೇಶನಗಳನ್ನು ಹಂಚುವ ಕಾರ್ಯವನ್ನು ಕೈಗೊಂಡುದು ಮೊದಲನೆಯ ಉಪಾಯದ ನೂತನ ರೂಪವೆನ್ನಬಹುದು. ಎರಡನೆಯದರ ವಿಚಾರದಲ್ಲಿ ಹಳೆಯ ಪ್ರಶ್ನೆಯೇ ಉಳಿದಿದೆ. ಬಡವರ ವಸತಿಗೆಂದು ಇಂದು ಬಿಡುವ ತೆರಿಗೆಯು ಕಟ್ಟಿಸುವವನಲ್ಲಿಯೇ ನಿಲ್ಲುವುದೋ, ವಾಸಿಸುವವನವರೆಗೆ ಮುಟ್ಟುವುದೋ ಎಂಬುದೇ ಅದರ ಗುಣಕ್ಕೆ ನಿಕಷ.