ಗೋದಿಯ ಧಾರಣೆಯೂ ಮತದ ಪೆಟ್ಟಿಗೆಯೂ

ಸಾಲ ಮಾಡಿದ ರೈತನಿಗೆ ಧಾರಣೆ ಇಳಿಯಿತೆಂದರೆ ಏನಾಗುವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಸಣ್ಣ ಲೆಕ್ಕ ಹಾಕೋಣ. ಅಮೆರಿಕದ ಕ್ಯಾನ್ಸಾಸ್ ಸಂಸ್ಥಾನದ ಬೇಸಾಯಗಾರನೊಬ್ಬನು, ಗೋದಿ ಬುಷೆಲ್ಲಿಗೆ ಒಂದು ಡಾಲರು ಇದ್ದ ಕಾಲದಲ್ಲಿ, ಸಾವಿರ ಡಾಲರು ಸಾಲ ತಂದನೆನ್ನಿ. ಸಾವಿರ ಬುಷೆಲ್ ಅಳೆದು ಕೊಟ್ಟರೆ ಅಸಲು ತೀರಬೇಕು. 1890ರ ದಶಕದ ನಡುವೆ ಬೆಲೆ ಅರ್ಧ ಡಾಲರಿನ ಆಸುಪಾಸಿಗೆ ಇಳಿದಿತ್ತು. ಈಗ ಅದೇ ಅಸಲಿಗೆ ಎರಡು ಸಾವಿರ ಬುಷೆಲ್ ಬೇಕು, ಬಡ್ಡಿ ಬೇರೆ.

ಹಣದ ಕೊರತೆಯೇ ಇದಕ್ಕೆ ಕಾರಣವೆಂದು ರೈತರು ಬಗೆದರು. ಯಾರು ಬೆಳ್ಳಿ ತಂದರೂ ಡಾಲರಾಗಿ ಟಂಕಿಸಿಕೊಡುವ ಪದ್ಧತಿಯನ್ನು 1873ರ ಕಾಯಿದೆ ಕೈಬಿಟ್ಟಿತ್ತು. ಅದನ್ನು ಮರಳಿ ತಂದರೆ ಹಣ ಹೆಚ್ಚುವುದು, ಧಾರಣೆ ಏರುವುದು, ಸಾಲ ಹಗುರಾಗುವುದು. ಈ ತರ್ಕದಲ್ಲಿ ಹುರುಳಿಲ್ಲದಿರಲಿಲ್ಲ. 1893ರ ಬ್ಯಾಂಕುಗಳ ಕುಸಿತವಂತೂ ಗಾಯದ ಮೇಲೆ ಬರೆ ಎಳೆದಂತಾಯಿತು.

1896ರ ಅಧ್ಯಕ್ಷ ಚುನಾವಣೆಯಲ್ಲಿ ಬೆಳ್ಳಿಯ ಪರವಾಗಿ ನಿಂತವರು ನೆಬ್ರಾಸ್ಕದ ವಿಲಿಯಂ ಜೆನಿಂಗ್ಸ್ ಬ್ರಯನ್, ವಯಸ್ಸು 36. ರೈಲಿನಲ್ಲಿ ದೇಶ ಸುತ್ತಿ ನೂರಾರು ಭಾಷಣ ಮಾಡಿದರು. ಚಿನ್ನದ ಪಕ್ಷದ ಮೆಕಿನ್ಲಿಯವರೋ ತಮ್ಮ ಮನೆಯ ಜಗಲಿಯಿಂದಲೇ ಮಾತನಾಡಿದರು. ಜನರೇ ಅಲ್ಲಿಗೆ ಬಂದರು.

ಬಡವರೆಲ್ಲ ಬ್ರಯನ್ನರ ಕಡೆ ಸೇರಿದರೆಂದು ನಿಮಗೆ ತೋರೀತು. ಹಾಗಾಗಲಿಲ್ಲ. ಕಾರ್ಖಾನೆಯ ಕೂಲಿಕಾರನು ರೊಟ್ಟಿ ಕೊಳ್ಳುವವನೇ ಹೊರತು ಗೋದಿ ಮಾರುವವನಲ್ಲ. ಧಾರಣೆ ಏರಿದರೆ ಅವನ ಕೂಲಿಯ ತೂಕ ಇಳಿಯುವುದು. ಮೇಲಾಗಿ ಮೆಕಿನ್ಲಿಯವರು ಹೇಳುತ್ತಿದ್ದ ಆಮದು ಸುಂಕ ಅವನ ಕೆಲಸಕ್ಕೆ ರಕ್ಷೆಯಾಗಿ ಕಂಡಿತು. ಕಾರ್ಖಾನೆಗಳು ತುಂಬಿದ ಈಶಾನ್ಯದಲ್ಲಿ ಬ್ರಯನ್ನರಿಗೆ ಒಂದು ಸಂಸ್ಥಾನವೂ ದಕ್ಕಲಿಲ್ಲ. ಚುನಾಯಕರ ಮತ ಮೆಕಿನ್ಲಿಯವರಿಗೆ 271, ಬ್ರಯನ್ನರಿಗೆ 176. ಅವರ ವಾಗ್ಮಿತೆಯನ್ನು ಇಂದಿಗೂ ಹೊಗಳುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಆ ವರ್ಷ ನಮ್ಮಲ್ಲಿ ಮಳೆ ಕೈಕೊಟ್ಟು ಘೋರ ಕ್ಷಾಮ ಬಂದಿತ್ತು. ವಿಜಾಪುರ ಸೀಮೆಯೂ ಅದರಲ್ಲಿ ಬೆಂದಿತು. ಭಾರತದ ಗೋದಿ ಹೊರಗೆ ಬಾರದೆಂಬ ಸುದ್ದಿಯೂ ಸೇರಿ, ಚುನಾವಣೆಗೆ ಮುಂಚಿನ ವಾರಗಳಲ್ಲಿ ಅಮೆರಿಕದ ಪೇಟೆಯಲ್ಲಿ ಬೆಲೆ ಏರಿತು. ಬೆಳ್ಳಿಯ ನೆರವಿಲ್ಲದೆಯೇ ಗೋದಿ ಏರಬಹುದೆಂದು ರೈತನಿಗೆ ಕಂಡಿತಲ್ಲ! ಇಲ್ಲಿಯ ಹಸಿವು ಅಲ್ಲಿಯ ಮತವನ್ನು ಕದಲಿಸಿತೆಂದು ಕೆಲವು ಇತಿಹಾಸಕಾರರ ಮತ.

ಮುಂದೆ ದಕ್ಷಿಣ ಆಫ್ರಿಕವೇ ಮೊದಲಾದ ಕಡೆಗಳ ಹೊಸ ಚಿನ್ನದಿಂದ ಹಣ ಹೆಚ್ಚಿ, ಧಾರಣೆಗಳು ಚೇತರಿಸಿಕೊಂಡವು. 1900ರಲ್ಲಿ ಬ್ರಯನ್ ಮತ್ತೆ ನಿಂತರು, ಮತ್ತೆ ಬೆಳ್ಳಿಯ ಮಾತನ್ನೇ ಎತ್ತಿದರು. ಈ ಸಲ ಕ್ಯಾನ್ಸಾಸೂ ಕೈಬಿಟ್ಟಿತು, ಅವರ ಸ್ವಂತ ನೆಬ್ರಾಸ್ಕವೂ ಕೈಬಿಟ್ಟಿತು.