ಪಾತ್ರೆಶುದ್ಧಿ

ಪಾತ್ರೆಶುದ್ಧಿ ಎಂದರೆ ಅಡುಗೆಯ ಪಾತ್ರೆ, ಒಲೆ ಮತ್ತು ಇತರ ಸಲಕರಣೆಗಳನ್ನು ಹಬ್ಬ, ವ್ರತ, ಶ್ರಾದ್ಧ ಮೊದಲಾದ ಕರ್ಮಗಳಿಗೆ ಯೋಗ್ಯವಾಗುವಂತೆ ಶುದ್ಧಗೊಳಿಸುವ ಸಾಂಪ್ರದಾಯಿಕ ಕ್ರಮ. ಧರ್ಮಶಾಸ್ತ್ರಗಳಲ್ಲಿ ಇದು ದ್ರವ್ಯಶುದ್ಧಿ ಪ್ರಕರಣದ ಭಾಗವಾಗಿದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲೂಕುಗಳೂ ಸೇರಿದಂತೆ ಮಲೆನಾಡಿನ ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಇದು ಮಡಿ, ಮೈಲಿಗೆ, ಮುಸುರೆ, ಎಂಜಲು ಎಂಬ ಕಲ್ಪನೆಗಳೊಡನೆ ಬೆಸೆದುಕೊಂಡಿದೆ. ಬೇಯಿಸಿದ ಅನ್ನ ತಾಗಿದ್ದು ಮುಸುರೆ, ಬಾಯಿ ತಾಗಿದ್ದು ಎಂಜಲು. ಮುಸುರೆ ಕೊಳೆಯಲ್ಲ, ಆದರೆ ಮುಸುರೆ ಕೈಯಿಂದ ಹಾಲು, ಮೊಸರು, ಉಪ್ಪಿನಕಾಯಿಗಳನ್ನು ಮುಟ್ಟುವಂತಿಲ್ಲ. ಆದ್ದರಿಂದ ಕಣ್ಣಿಗೆ ಸ್ವಚ್ಛವಾಗಿ ಕಾಣುವ ಪಾತ್ರೆಯೆಲ್ಲವೂ ಶುದ್ಧವೆಂದು ಪರಿಗಣಿತವಾಗುವುದಿಲ್ಲ.

ಶಾಸ್ತ್ರಾಧಾರ

ಮನುಸ್ಮೃತಿಯ 5ನೆಯ ಅಧ್ಯಾಯವೂ ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯವೂ ಪಾತ್ರೆಗಳನ್ನು ಅವುಗಳ ದ್ರವ್ಯಕ್ಕೆ ತಕ್ಕಂತೆ ವಿಂಗಡಿಸುತ್ತವೆ. ಜಿಡ್ಡು ಅಂಟದ ಚಿನ್ನದ ಪಾತ್ರೆಗೆ ನೀರು ಸಾಕು. ತಾಮ್ರ, ತವರ, ಸೀಸಗಳಿಗೆ ಕ್ಷಾರ, ಹುಳಿ ಮತ್ತು ನೀರು ಬೇಕು, ಕಂಚಿಗೆ ಬೂದಿ. ಮರದ್ದನ್ನು ಹೆರೆಯಬೇಕು, ಮಣ್ಣಿನದನ್ನು ಮರಳಿ ಸುಡಬೇಕು. ಮದ್ಯ, ಮೂತ್ರ, ರಕ್ತ ಮುಂತಾದವು ಸೋಂಕಿದ ಮಣ್ಣಿನ ಪಾತ್ರೆ ಮರಳಿ ಸುಟ್ಟರೂ ಶುದ್ಧವಾಗದೆಂದು ಮನುಸ್ಮೃತಿ ವಿಧಿಸುತ್ತದೆ.

ಯಾಜ್ಞವಲ್ಕ್ಯ ಸ್ಮೃತಿಗೆ ಪ್ರಸಿದ್ಧ ವ್ಯಾಖ್ಯಾನವಾದ ಮಿತಾಕ್ಷರವು ಕರ್ನಾಟಕದಲ್ಲಿಯೇ ರಚಿತವಾಯಿತು. ಅದರ ಕರ್ತೃ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದವನು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಅದೇ ಅರಸರ ಬನವಾಸಿ-12000 ಪ್ರಾಂತದ ಮುಖ್ಯ ಪಟ್ಟಣವಾಗಿತ್ತು.

ಆಚರಣೆ

ತಾಮ್ರ, ಹಿತ್ತಾಳೆಗಳನ್ನು ಹುಣಸೆಹಣ್ಣು ಹಾಗೂ ಬೂದಿಯಿಂದ ತೆಂಗಿನ ನಾರಿನಲ್ಲಿ ತಿಕ್ಕಿ ಬೆಳಗುವುದು ರೂಢಿ. ಹುಣಸೆಯ ಆಮ್ಲವು ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಬೂದಿಯ ಕ್ಷಾರವು ಜಿಡ್ಡನ್ನು ಬಿಡಿಸುತ್ತದೆ. ಜಿಡ್ಡಿಗೆ ಅಂಟುವಾಳಕಾಯಿಯೂ ಬಳಕೆಯಲ್ಲಿತ್ತು. ಹುಳಿ ಪದಾರ್ಥ ಬೇಯಿಸುವ ಹಿತ್ತಾಳೆ ಪಾತ್ರೆಯ ಒಳಮೈಗೆ ಕಲಾಯಿ ಹಾಕಿಸಲಾಗುತ್ತಿತ್ತು. ಕಲಾಯಿಗಾರರು ಪಾತ್ರೆಯನ್ನು ಕಾಯಿಸಿ, ನವಸಾರ ಉದುರಿಸಿ, ಕರಗಿದ ತವರವನ್ನು ಬಟ್ಟೆಯಿಂದ ಒಳಗೆಲ್ಲ ಸವರುತ್ತಿದ್ದರು. ಮಣ್ಣಿನ ಒಲೆಯನ್ನು ಸಗಣಿಯಿಂದ ಸಾರಿಸಿ ರಂಗೋಲಿಯ ಎಳೆ ಎಳೆಯುವುದು ದಿನನಿತ್ಯದ ಕೆಲಸವಾಗಿತ್ತು. ಗ್ರಹಣಕಾಲದಲ್ಲಿ ಉಳಿಸಿಕೊಳ್ಳಬೇಕಾದ ಹಾಲು, ತುಪ್ಪಗಳ ಮೇಲೆ ದರ್ಭೆ ಇಡುತ್ತಾರೆ. ಸಾವಿನ ಸೂತಕ ಕಳೆದಾಗ ಲೋಹದ ಪಾತ್ರೆಗಳನ್ನು ಬೆಳಗಿ, ಮಣ್ಣಿನವನ್ನು ಹೊರಹಾಕುವ ಪದ್ಧತಿಯಿದೆ.

ಸ್ಮೃತಿಕಾರರು ಕಾಣದ ಸ್ಟೀಲ್ ಪಾತ್ರೆ, ಕುಕ್ಕರ್, ಮಿಕ್ಸಿ, ಫ್ರಿಜ್‌ಗಳ ವಿಷಯದಲ್ಲಿ ಮನೆಮನೆಗೂ ನಿರ್ಣಯ ಬೇರೆ. ಸ್ಟೀಲನ್ನು ಇತರ ಲೋಹಗಳಂತೆಯೇ ತೊಳೆದು ಬಳಸುತ್ತಾರೆ. ತೊಡಕು ಬರುವುದು ಒಂದಕ್ಕಿಂತ ಹೆಚ್ಚು ದ್ರವ್ಯಗಳು ಸೇರಿದ ಉಪಕರಣಗಳಲ್ಲಿ. ಕುಕ್ಕರಿನ ರಬ್ಬರು ಮತ್ತು ಮಿಕ್ಸಿಯ ಪ್ಲಾಸ್ಟಿಕ್ ಮುಚ್ಚಳ ಈರುಳ್ಳಿ, ಬೆಳ್ಳುಳ್ಳಿಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬ್ಲೇಡಿನ ಸಂದಿಯಲ್ಲಿ ಹಿಂದಿನ ಅಡುಗೆಯ ಶೇಷ ಉಳಿಯುತ್ತದೆ. ಹೀಗಾಗಿ ಶ್ರಾದ್ಧದ ಅಡುಗೆಗೆ ಪ್ರತ್ಯೇಕ ಜಾರ್ ಇರಿಸಿಕೊಳ್ಳುವವರೂ ಒರಳುಕಲ್ಲಿಗೇ ಮರಳುವವರೂ ಇದ್ದಾರೆ. ನಾನ್‌ಸ್ಟಿಕ್ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದರೆ ಅದರ ಲೇಪವೇ ಹಾಳಾಗುತ್ತದೆ. ಶಾಸ್ತ್ರ ಬರೆದವರು ಪುರುಷರಾದರೂ ಈ ನಿರ್ಣಯಗಳೂ ಅವುಗಳ ಶ್ರಮವೂ ಬಹುಪಾಲು ಹೆಂಗಸರ ಮೇಲೆಯೇ ಬಿದ್ದಿವೆ.

ಯಹೂದ್ಯರ ಪದ್ಧತಿಯೊಡನೆ ಹೋಲಿಕೆ

ಯಹೂದ್ಯರ ಪಸ್ಕ ಹಬ್ಬದ ಸಿದ್ಧತೆಯು ಇದಕ್ಕೆ ಗಮನಾರ್ಹವಾಗಿ ಸಮೀಪವಿದೆ. ಆ ಹಬ್ಬದ ದಿನಗಳಲ್ಲಿ ಗೋಧಿ, ಬಾರ್ಲಿ ಮುಂತಾದ ಐದು ಧಾನ್ಯಗಳಿಂದಾದ ಹುದುಗಿದ ಆಹಾರ, ಅಂದರೆ ಹಮೇಟ್ಜ್, ನಿಷಿದ್ಧ. ಪಾತ್ರೆಯು ಆಹಾರವನ್ನು ಹೇಗೆ ಹೀರಿಕೊಂಡಿತೋ ಹಾಗೆಯೇ ಬಿಟ್ಟುಕೊಡುತ್ತದೆ ಎಂಬುದು ಅಲ್ಲಿನ ತತ್ತ್ವ. ಅದರಂತೆ ಕುದಿಸುವ ಲೋಹಪಾತ್ರೆಯನ್ನು ಕುದಿನೀರಿನಲ್ಲಿ ಮುಳುಗಿಸುತ್ತಾರೆ; ನೇರ ಬೆಂಕಿಯಲ್ಲಿ ಬಳಸಿದ ಸರಳು, ಜಾಲರಿಗಳನ್ನು ಕೆಂಪಗೆ ಕಾಯಿಸುತ್ತಾರೆ. ಬೈಬಲಿನ ಅರಣ್ಯಕಾಂಡದ 31ನೆಯ ಅಧ್ಯಾಯ ಇದಕ್ಕೆ ಆಧಾರ. ಮಣ್ಣಿನ ಪಾತ್ರೆ ಹೀರಿದ್ದನ್ನು ಕುದಿನೀರಿನಲ್ಲಿ ಪೂರ್ತಿ ಬಿಡದೆಂದು ಅದನ್ನು ಹಬ್ಬದ ಬಳಕೆಯಿಂದ ದೂರವಿಡುತ್ತಾರೆ. ತಣ್ಣನೆಯ ಆಹಾರ ಮಾತ್ರ ಇಡುವ ಫ್ರಿಜ್ಜನ್ನು ಚೆನ್ನಾಗಿ ಒರೆಸಿದರೆ ಸಾಕು. ಕೊಚ್ಚಿಯ ಯಹೂದ್ಯರು ಪಸ್ಕದ ಶುದ್ಧಿಯಲ್ಲಿ ತೋರುತ್ತಿದ್ದ ಕಟ್ಟುನಿಟ್ಟಿನ ಹಿಂದೆ ನೆರೆಯ ಹಿಂದೂ ಮೇಲ್ಜಾತಿಗಳ ಮಡಿಯ ಪ್ರಭಾವವನ್ನು ವಿದ್ವಾಂಸ ನೇಥನ್ ಕ್ಯಾಟ್ಜ್ ಗುರುತಿಸಿದ್ದಾರೆ.

ಪಸ್ಕದ ನಿಯಮದಲ್ಲಿ ಪ್ರಶ್ನೆ ಪಾತ್ರೆ ಏನನ್ನು ಹೀರಿದೆ ಎಂಬುದು. ಮಡಿಯ ನಿಯಮದಲ್ಲಿ ಅದನ್ನು ಯಾರು ಮುಟ್ಟಿದರು ಎಂಬುದೂ ಸೇರಿಕೊಂಡಿದೆ.

ವಿರೋಧ ಮತ್ತು ಕಾನೂನು

ಮುಟ್ಟುವಿಕೆಯ ಈ ವಿಚಾರವನ್ನು 12ನೆಯ ಶತಮಾನದ ಶರಣರು ನಿರಾಕರಿಸಿದರು. ಅಕ್ಕಮಹಾದೇವಿಯ ಹುಟ್ಟೂರೆಂದು ಪ್ರಸಿದ್ಧವಾದ ಉಡುತಡಿಯೂ ಅಲ್ಲಮಪ್ರಭುವಿನ ನಂಟಿರುವ ಬಳ್ಳಿಗಾವಿಯೂ ಶಿಕಾರಿಪುರ ತಾಲೂಕಿನಲ್ಲಿವೆ. ವೀರಶೈವ–ಲಿಂಗಾಯತ ಸಂಪ್ರದಾಯವು ತೊರೆದ ಪಂಚಸೂತಕಗಳೆಂದರೆ ಜನನ, ಮರಣ, ರಜಸ್ಸು, ಎಂಜಲು ಮತ್ತು ಜಾತಿ. ಎಂಜಲನ್ನೂ ಜಾತಿಯನ್ನೂ ಒಂದೇ ಪಟ್ಟಿಯಲ್ಲಿ ಇರಿಸಿರುವುದು ಅರ್ಥಪೂರ್ಣ.

ದಲಿತರಿಗೆ ಬೇರೆ ಲೋಟ, ಬೇರೆ ತಟ್ಟೆ ಇಡುವ ಪದ್ಧತಿ ಇದೇ ಕಲ್ಪನೆಯ ಕ್ರೂರ ರೂಪ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 4ನೆಯ ಪ್ರಕರಣವು ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳ ಬಳಕೆಯನ್ನು ಅಸ್ಪೃಶ್ಯತೆಯ ಕಾರಣದಿಂದ ಯಾರಿಗೂ ತಡೆಯುವುದನ್ನು ಶಿಕ್ಷಾರ್ಹ ಅಪರಾಧವೆಂದು ಹೆಸರಿಸಿಯೇ ಹೇಳುತ್ತದೆ.