ಹೆಂಚಿನ ಮೇಲಿನ 1865

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಹಳೇ ಮನೆಗೆ ಹೋಗಿ 'ಇದಕ್ಕೆ ಎಷ್ಟು ವರ್ಷ ಆಯ್ತು?' ಅಂತ ಕೇಳಿ ನೋಡಿ. ಇನ್ನೂರು ಅಂತಾರೆ, ನಾನೂರು ಅಂತಾರೆ, ಚಾವಡಿಯಲ್ಲಿ ನೆಂಟರು ಜಾಸ್ತಿ ಕೂತಿದ್ದರೆ ಲೆಕ್ಕ ಎಂಟುನೂರಕ್ಕೂ ಏರುತ್ತದೆ. ನೂರ ಮೂವತ್ತೇಳು ಅಂತ ಹೇಳಿದವರನ್ನು ನಾನಿನ್ನೂ ಕಂಡಿಲ್ಲ. ಪುರಾವೆ ಉಂಟಾ ಅಂತ ಕೇಳಿದರೆ, ಕೊಟ್ಟಿಗೆಯ ಹಿಂದೆ ಪೇರಿಸಿಟ್ಟ ಹೆಂಚಿನ ರಾಶಿಯಿಂದ ಒಂದನ್ನು ತಂದು ಮಗುಚಿ ತೋರಿಸುತ್ತಾರೆ: 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865'. ಅಲ್ಲಿಗೆ ವಾದ ಮುಗಿಯಿತು ಅಂತ ಅವರ ಭಾವನೆ.

ನಿಜವಾಗಿ ನೋಡಿದರೆ ಕೆಲಸ ಶುರುವಾಗುವುದೇ ಅಲ್ಲಿಂದ.

1865 ಅನ್ನುವುದು ಆ ಹೆಂಚು ಹುಟ್ಟಿದ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ. ಮುಂದೆ ದಶಕಗಟ್ಟಲೆ ಅದೇ ಇಸವಿ ಅಚ್ಚಿನಲ್ಲಿ ಬೀಳುತ್ತಾ ಹೋಯಿತು, ಇವತ್ತಿನ ಬಿಸ್ಕತ್ ಪ್ಯಾಕೆಟ್ ಮೇಲೆ ಕಂಪನಿ ಸ್ಥಾಪನೆಯ ವರ್ಷ ಇರುವ ಹಾಗೆ. ಆದರೆ ಹೆಂಚು ಇನ್ನೊಂದು ರೀತಿಯಲ್ಲಿ ನಿಜ ಹೇಳುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನರ ಆಸ್ತಿ ಬ್ರಿಟಿಷರ ವಶವಾಯಿತು, ಮಿಶನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಹಾಗಾಗಿ ಇಸವಿಯನ್ನು ಬಿಟ್ಟು ಹೆಸರನ್ನು ಓದಬೇಕು. 'ಬಾಸೆಲ್ ಮಿಶನ್' ಅಂತಿದ್ದರೆ ಸಾಮಾನ್ಯವಾಗಿ ಯುದ್ಧಕ್ಕೆ ಮೊದಲಿನದು, 'ಕಾಮನ್‌ವೆಲ್ತ್' ಅಂತಿದ್ದರೆ ನಂತರದ್ದು.

ಇನ್ನೂ ಒಂದು ಮಾತುಂಟು. ಹೆಂಚಿನ ವಯಸ್ಸು ಮಾಡಿನ ವಯಸ್ಸಲ್ಲ, ಮಾಡಿನ ವಯಸ್ಸು ಗೋಡೆಯ ವಯಸ್ಸಲ್ಲ. ಹೆಂಚು ಬರುವ ಮೊದಲು ನಮ್ಮ ದೊಡ್ಡ ದೊಡ್ಡ ಮನೆಗಳಿಗೂ ಮುಳಿಹುಲ್ಲಿನ ಮಾಡೇ ಇತ್ತು. ಹುಲ್ಲು ತೆಗೆದು ಹೆಂಚು ಹಾಕಿದಾಗ ಪಕ್ಕಾಸು, ರೀಪು ಎಲ್ಲ ಬದಲಾಗಿರುತ್ತದೆ, ಕೆಳಗಿನ ಹಲಸಿನ ಕಂಬ ಮಾತ್ರ ಹಾಗೇ ನಿಂತಿರುತ್ತದೆ. ಅದೇ ಕಂಬ ಅದಕ್ಕೂ ಮೊದಲು ಬೇರೊಂದು ಮನೆಯಿಂದ ಬಂದದ್ದೂ ಆಗಿರಬಹುದು. ನಮ್ಮ ಹಿರಿಯರು ಒಳ್ಳೆಯ ಮರವನ್ನು ಬಿಸಾಡುವವರಲ್ಲ.

ಹೀಗಾಗಿ 'ಮನೆಗೆ ಎಷ್ಟು ವಯಸ್ಸು' ಅನ್ನುವ ಪ್ರಶ್ನೆಯೇ ಸ್ವಲ್ಪ ಎಡವಟ್ಟಿನದು. ಒಂದು ಮನೆಗೆ ಒಂದೇ ವಯಸ್ಸು ಇರುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೇ ನೋಡಿ. 1430 ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಎದುರಿನ ಭೈರಾದೇವಿ ಮಂಟಪ ಆಮೇಲೆ ಸೇರಿದ್ದು. ಶಾಸನ ಕೆತ್ತಿಸಿಕೊಂಡ ಬಸದಿಯ ಕಥೆಯೇ ಹೀಗಿದ್ದರೆ, ಶಾಸನವೇ ಇಲ್ಲದ ನಮ್ಮ ಮನೆಗಳದ್ದು ಕೇಳಬೇಕೇ?

ಶಾಸನ ಅಂದಾಗ ವೇಣೂರು ನೆನಪಾಗುತ್ತದೆ. ಅಲ್ಲಿನ ಗೊಮ್ಮಟನನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ, ಕಲ್ಲಿನ ಮೇಲೇ ಬರೆದಿದೆ. ಅರಸರು ದೇವರ ಕಟ್ಟಡಕ್ಕೆ ತಾರೀಕು ಹಾಕಿಸಿದಷ್ಟು ಮುತುವರ್ಜಿಯಿಂದ ತಾವು ಮಲಗುವ ಮನೆಗೆ ಹಾಕಿಸಲಿಲ್ಲ. ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಉಂಟು. ಅಷ್ಟು ಚಂದದ ಕೆತ್ತನೆ ಮಾಡಿದ ಬಡಗಿಯ ಹೆಸರು ನಮಗೆ ಗೊತ್ತಿಲ್ಲ.

ಕಲ್ಲಿನಲ್ಲಿ ಇಲ್ಲದ್ದನ್ನು ಕಾಗದದಲ್ಲಿ ಹುಡುಕಬೇಕು. ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ಪಹಣಿ ತೆಗೆದು 'ಏನೂ ಇಲ್ಲ' ಅಂತ ಕೈಚೆಲ್ಲುವವರೇ ಹೆಚ್ಚು. ಪಹಣಿಯಲ್ಲಿ ಇರುವುದು ಜಮೀನಿನ ಇವತ್ತಿನ ಕಥೆ. ಹಿಂದಕ್ಕೆ ಹೋಗಬೇಕಾದರೆ ಮೊದಲು ಒಂದು ವಿಷಯ ತಲೆಯಲ್ಲಿರಬೇಕು: ನಮ್ಮ ಊರು ಇದ್ದಲ್ಲೇ ಇದ್ದರೂ ಅದರ ಸರಕಾರ ಓಡಾಡುತ್ತಾ ಇತ್ತು. 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಆದ್ದರಿಂದ ಹಳೆಯ ಕಾಗದಗಳಲ್ಲಿ ಅಡಂಗಲ್, ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಅನ್ನುವ ಮಾತುಗಳೇ ಕಾಣುತ್ತವೆ. ಮೇಲಧಿಕಾರಿಗಳ ಮಟ್ಟದ ಕಡತ ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಬಾಗಿಲು ತಟ್ಟಬೇಕು. ಮೂಡುಬಿದಿರೆಯವರಿಗೆ ಇನ್ನೂ ಒಂದು ತಿರುವು. ಅದು ಮೊದಲು ಕಾರ್ಕಳ ತಾಲೂಕಿನಲ್ಲಿತ್ತು. 1997ರಲ್ಲಿ ಕಾರ್ಕಳ ಉಡುಪಿ ಜಿಲ್ಲೆಗೆ ಹೋದಾಗ ಮೂಡುಬಿದಿರೆ ಮಂಗಳೂರು ತಾಲೂಕಿಗೆ ಬಂತು, ತೀರಾ ಈಚೆಗೆ ತಾನೇ ತಾಲೂಕಾಯಿತು. ಅಜ್ಜನ ಕಾಲದ ಕಾಗದ ಮೂಡುಬಿದಿರೆಯಲ್ಲಿ ಸಿಗಲಿಲ್ಲ ಅಂದರೆ ಕಳೆದುಹೋಗಿದೆ ಅಂತ ಅರ್ಥ ಅಲ್ಲ, ಕಾರ್ಕಳದಲ್ಲಿ ಕೂತಿದೆಯೋ ಏನೋ.

ಕಾಗದ ಸಿಕ್ಕಿದ ಮೇಲೆ ಇನ್ನೊಂದು ಗೋಜಲು, ತಾರೀಕು. ಸಂವತ್ಸರದ ಹೆಸರು ಮಾತ್ರ ಬರೆದಿದ್ದರೆ ಅವಸರ ಮಾಡಬೇಡಿ. ಹೆಸರುಗಳು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 'ರುಧಿರೋದ್ಗಾರಿ' ಅಂದರೆ 1923–24 ಆಗಬಹುದು, 1863–64 ಕೂಡ ಆಗಬಹುದು. ಪಕ್ಕದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ.

ಅತಿ ದೊಡ್ಡ ಗೋಜಲು ಮಾತ್ರ ಹೆಸರಿನದು. ಮನೆ ಹುಡುಕಹೊರಟವರು ಅಪ್ಪ, ಅಪ್ಪನ ಅಪ್ಪ, ಅವರ ಅಪ್ಪ ಅಂತ ಏಣಿ ಇಟ್ಟು ಹತ್ತುತ್ತಾರೆ, ಎರಡನೇ ಮೆಟ್ಟಿಲಿಗೇ ಏಣಿ ಮುರಿಯುತ್ತದೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಅಪ್ಪನಿಂದ ಮಗನಿಗೆ ಹೋಗುತ್ತಲೇ ಇರಲಿಲ್ಲ. ಯಜಮಾನನ ನಂತರ ಕಾಗದದಲ್ಲಿ ಬರುವುದು ಅವನ ತಮ್ಮ, ಇಲ್ಲವೇ ತಂಗಿಯ ಮಗ. ಬಂಟರು, ಬಿಲ್ಲವರು, ಇಲ್ಲಿನ ಜೈನರು, ಉಳ್ಳಾಲದ ಅಬ್ಬಕ್ಕ ಹುಟ್ಟಿದ ಚೌಟರ ವಂಶ, ಎಲ್ಲ ಕಡೆ ಇದೇ ಕಟ್ಟು. ರಿಜಿಸ್ಟರಿನಲ್ಲಿ ಗಂಡಸರ ಹೆಸರೇ ಸಾಲಾಗಿ ಕಾಣುತ್ತದೆ, ಆದರೆ ಆ ಹೆಸರುಗಳನ್ನು ಪೋಣಿಸಿದ ನೂಲು ಹೆಂಗಸರದ್ದು. ಆ ನೂಲು ಕಾಗದದಲ್ಲಿ ಇಲ್ಲ, ಅಡುಗೆಮನೆಯಲ್ಲಿ ಉಂಟು. 'ನಿಮ್ಮ ಅಮ್ಮ ಯಾರ ಮಗಳು, ಅವರ ಅಕ್ಕತಂಗಿಯರು ಎಷ್ಟು ಜನ, ಯಾರು ಈ ಮನೆಯಲ್ಲೇ ಉಳಿದರು?' ಅಂತ ದೊಡ್ಡಮ್ಮನ ಹತ್ತಿರ ಕೇಳಿ. ಒಂದು ಗಂಟೆಯಲ್ಲಿ ಅವರು ಹೇಳುವುದನ್ನು ಸರಕಾರಿ ಕಚೇರಿಯಲ್ಲಿ ಒಂದು ವರ್ಷ ಅಲೆದರೂ ನೀವು ಕಂಡುಹಿಡಿಯಲಾರಿರಿ.

ಈ ಸರಪಳಿ ಕಾಗದಕ್ಕೆ ಇಳಿದದ್ದು ಮನೆ ಒಡೆಯುವ ಹೊತ್ತಿಗೆ ಅನ್ನುವುದು ವಿಚಿತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಕವರು ಅಂದರೆ ಒಬ್ಬ ಹೆಂಗಸು ಮತ್ತು ಅವಳ ಹೆಣ್ಣುಸಂತತಿಯ ಕವಲು. ಅದರ ಹಿಂದೆಯೇ ಬಂದ ಪಾಲುಪತ್ರಗಳಲ್ಲಿ ಯಾವ ಅಜ್ಜಿಯ ಕವಲು ಯಾವುದು ಅಂತ ಬರೆಯಲೇಬೇಕಾಯಿತು. ಚಾವಡಿ ಯಾರಿಗೆ, ಅಟ್ಟ ಯಾರಿಗೆ, ಬಾವಿ ಯಾರಿಗೆ, ದೈವದ ಕೋಣೆ ಮಾತ್ರ ಎಲ್ಲರಿಗೂ ಸೇರಿದ್ದು ಅನ್ನುವಂಥ ವಿವರ ಅಲ್ಲೇ ಸಿಗುವುದು. ಉಪನೋಂದಣಿ ಕಚೇರಿಯಲ್ಲಿ ಕೇಳಬೇಕಾದ ಮೊದಲ ಕಾಗದ ಅದು.

ಬಂಟ್ವಾಳ ಪೇಟೆಯ ಮನೆಗಳಿಗೆ ಇವೆಲ್ಲಕ್ಕಿಂತ ದೊಡ್ಡ ಲೆಕ್ಕಪತ್ರ ನೇತ್ರಾವತಿ. ಘಟ್ಟದಿಂದ ಇಳಿದ ಸರಕು ಇಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿದ್ದ ಕಾಲದಲ್ಲಿ ಪೇಟೆ ಹೊಳೆಗೆ ಮುಖ ಮಾಡಿ ಬೆಳೆಯಿತು. ಹೊಳೆ ಕೊಟ್ಟದ್ದನ್ನು ಹೊಳೆಯೇ ಒಯ್ದದ್ದೂ ಉಂಟು. 1923ರ ನೆರೆ, ತುಳುವಿನಲ್ಲಿ ಬೊಳ್ಳ, ಈಗಲೂ ಊರಿನ ಕ್ಯಾಲೆಂಡರು. 'ಬೊಳ್ಳಕ್ಕೆ ಮೊದಲಾ, ಮತ್ತೆಯಾ?' ಅಂತ ಕೇಳಿದರೆ ಇಸವಿ ಗೊತ್ತಿಲ್ಲದವರೂ ಉತ್ತರ ಕೊಡುತ್ತಿದ್ದರು. ಮಣ್ಣಿನ ಗೋಡೆ ನೀರಿಗೆ ನಿಲ್ಲುವುದಿಲ್ಲ. ಕೆಳಗೆ ಹಳೇ ಮುರಕಲ್ಲಿನ ಪಂಚಾಂಗ, ಮೇಲೆ ಬೇರೆಯೇ ಥರದ ಗೋಡೆ ಕಂಡರೆ ನೆರೆಯನ್ನು ನೆನಪಿಸಿಕೊಳ್ಳಿ.

1974ರಲ್ಲಿ ಮತ್ತೆ ನೆರೆ ಬಂತು. ಅದೇ ವರ್ಷ ಇನ್ನೊಂದು ನೆರೆಯೂ ಬಂತು, ಭೂಸುಧಾರಣೆ. ಮಾರ್ಚ್ 1ರಿಂದ ತಿದ್ದುಪಡಿ ಜಾರಿಯಾಗಿ, ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳು 7ನೇ ನಂಬ್ರದ ಫಾರ್ಮು ತುಂಬಿ 'ಡಿಕ್ಲರೇಶನ್' ಕೊಟ್ಟರು. ಎಷ್ಟೋ ಮನೆಗಳ ಪತ್ತಾಯಕ್ಕೆ ಗೇಣಿ ಅಕ್ಕಿ ಬರುವುದು ನಿಂತಿತು, ಎಷ್ಟೋ ಮಂದಿಗೆ ಮೊದಲ ಸಲ ಸ್ವಂತ ಭೂಮಿ ಬಂತು. ದೊಡ್ಡ ಮನೆಯವರು ಇದನ್ನು ನಷ್ಟದ ಕಥೆಯಾಗಿ ಹೇಳುತ್ತಾರೆ. ಭೂನ್ಯಾಯ ಮಂಡಳಿಯ ಕಡತ ಬೇರೆ ಕಥೆ ಹೇಳುತ್ತದೆ. ಆ ಚಾವಡಿಯ ಕಂಬ ಹೊತ್ತವರು, ಗದ್ದೆ ಉತ್ತವರು, ಅಂಗಳದ ಆಚೆಯೇ ನಿಲ್ಲಬೇಕಾಗಿದ್ದವರು, ಇವರ ಹೆಸರು ಸಿಗುವ ಸರಕಾರಿ ಕಾಗದ ಬಹಳ ಕಡಿಮೆ, ಅದರಲ್ಲಿ ಇದೊಂದು. ಒಕ್ಕಲಿನ ಮನೆಗೆ ಹೋಗಿ ಕೇಳದೆ ಬರೆದ ಗುತ್ತಿನ ಮನೆಯ ಚರಿತ್ರೆ ಅರ್ಧ ಮಾತ್ರ.

ಕಾಗದವೂ ಕೈಕೊಟ್ಟರೆ ನೇಮಕ್ಕೆ ಹೋಗಿ. ದೈವ ಯಾವ ಗುತ್ತನ್ನು ಮೊದಲು ಕರೆಯುತ್ತದೆ, ಯಾರಿಗೆ ಯಾವ ಜಾಗ, ಯಾರ ಕೈಗೆ ಗಂಧ, ಈ ಸರದಿ ತಪ್ಪಿದರೆ ಜಗಳವೇ ಆಗುವುದರಿಂದ ಅದನ್ನು ಜನ ಜೋಪಾನವಾಗಿ ಕಾದುಕೊಂಡು ಬಂದಿದ್ದಾರೆ. ಹಾಗಂತ ಅದೇ ಇತಿಹಾಸ ಅಂತಲೂ ತಿಳಿಯಬೇಡಿ. ಕೋರ್ಟಿಗೆ ಹೋಗಿ ಬದಲಾದ ಸರದಿಗಳೂ ಉಂಟು. ಅದನ್ನು ಸುಳಿವಾಗಿ ಇಟ್ಟುಕೊಂಡು ಕಾಗದದ ಜತೆ ತಾಳೆ ನೋಡಬೇಕು.

ಇಷ್ಟೆಲ್ಲ ಯಾಕೆ ಮಾರಾಯ್ರೆ, ಅಂತ ಕೇಳಬಹುದು. ಯಾಕೆಂದರೆ ಮನೆಗಳು ಹೋಗುತ್ತಿವೆ. ಹಿರಿಯರು ತೀರಿಕೊಂಡು, ಇಪ್ಪತ್ತು ಮೂವತ್ತು ಪಾಲುದಾರರು ಬೆಂಗಳೂರು, ಮುಂಬೈ, ದುಬೈಯಲ್ಲಿದ್ದು, ರಿಪೇರಿಗೆ ಯಾರೂ ಕೈಹಾಕದೆ ಎರಡು ಮಳೆಗಾಲ ಕಳೆದರೆ ಸಾಕು, ಮಾಡು ಕೂರುತ್ತದೆ. ಆಮೇಲೆ ಹಳೇ ಮರದ ವ್ಯಾಪಾರಿ ಬರುತ್ತಾನೆ. ಇಂದಿರಾನಗರದ ಯಾವುದೋ ರೆಸ್ಟೋರೆಂಟಿನಲ್ಲಿ ನೀವು ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ ಕಂಬ ನಮ್ಮ ಕಡೆಯದೇ ಇರಬಹುದು. ಚೆಂದಕ್ಕೇನೂ ಕಡಿಮೆ ಇಲ್ಲ, ಆದರೆ ಅದು ಯಾವ ಊರಿನದು, ಯಾರ ಮನೆಯದು ಅಂತ ಹೇಳುವವರು ಅಲ್ಲಿಲ್ಲ. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಇಂಥ ಕಡೆ ಸೇರಿದ ವಸ್ತುಗಳು ಪುಣ್ಯ ಮಾಡಿದವು. ಎಲ್ಲ ಮನೆಯನ್ನೂ ಉಳಿಸಲಿಕ್ಕೆ ಆಗುವುದಿಲ್ಲ, ಹಾಗೆ ಕೇಳುವುದೂ ನ್ಯಾಯ ಅಲ್ಲ. ಸೋರುವ ಮನೆಯಲ್ಲಿ ಬದುಕುವವರಿಗೆ ಗಟ್ಟಿ ಮನೆಯ ಆಸೆ ತಪ್ಪೇನೂ ಅಲ್ಲ.

ಮನೆಯ ಜತೆ ಅದರ ವಿಷಯವೂ ಹೋಗಬೇಕಾಗಿಲ್ಲ ಅನ್ನುವುದಷ್ಟೇ ಮಾತು. ಮುಂದಿನ ಸಲ ಊರಿಗೆ ಹೋದಾಗ ಒಂದು ಟೇಪು, ಒಂದು ನೋಟ್‌ಬುಕ್, ಚಾರ್ಜ್ ಇರುವ ಮೊಬೈಲು ಸಾಕು. ಒಂದೊಂದು ಕೋಣೆಯ ಅಳತೆ ತೆಗೆದು ನಕ್ಷೆ ಬರೆಯಿರಿ, ಆ ಕೋಣೆಗೆ ಮನೆಯವರು ಕರೆಯುವ ಹೆಸರನ್ನೇ ಹಾಕಿ. ಹೆಂಚು ಮಗುಚಿ ಹೆಸರು ಓದಿ. ಕಂಬದಲ್ಲಿ ಈಗ ಉಪಯೋಗಕ್ಕಿಲ್ಲದ ತೂತು, ಕಚ್ಚು ಇದ್ದರೆ ಫೋಟೋ ತೆಗೆಯಿರಿ, ಅದು ಬೇರೆ ಕಡೆಯಿಂದ ಬಂದ ಗುರುತಿರಬಹುದು. ಪೆಟ್ಟಿಗೆಯಲ್ಲಿರುವ ಗೇಣಿಚೀಟು, ಪಾಲುಪತ್ರಗಳನ್ನು ಹರಡಿ ಒಂದೊಂದಾಗಿ ಸ್ಕ್ಯಾನ್ ಮಾಡಿ. ದೊಡ್ಡಮ್ಮನ ಮಾತು ರೆಕಾರ್ಡ್ ಮಾಡಿ, ಒಕ್ಕಲಿನ ಮನೆಯ ಅಜ್ಜನದ್ದನ್ನೂ. ಇದನ್ನೆಲ್ಲ ಮಾಡಿದ ಮೇಲೆ ನಿಮ್ಮ ಮನೆ ನಾನೂರು ವರ್ಷದ್ದಲ್ಲ, ನೂರ ಮೂವತ್ತರದ್ದು ಅಂತ ಗೊತ್ತಾದರೆ ಬೇಸರ ಬೇಡ. ನಾನೂರು ವರ್ಷದ ಬರೀ ಬಾಯಿಮಾತಿಗಿಂತ, ಯಾರು ಕಟ್ಟಿದರು, ಯಾರು ಉಣ್ಣಿಸಿದರು, ಯಾರು ದುಡಿದರು ಅಂತ ಹೇಳಬಲ್ಲ ನೂರ ಮೂವತ್ತು ವರ್ಷ ದೊಡ್ಡದು.